ಅದು ಜಲವರ್ಣವಲ್ಲ, ಮರದಚ್ಚು

ಅಮೆರಿಕದ ಅಮೂರ್ತ ಕಲಾವಿದೆ ಹೆಲೆನ್ ಫ್ರಾಂಕೆಂಥಾಲರ್ ಅವರ ‘ಮೇಡಮ್ ಬಟರ್‌ಫ್ಲೈ’ಯನ್ನು ‘ಜಪಾನಿಗೆ ಹೋಗಿ ಒಬ್ಬರೇ ಬರೆದ ಜಲವರ್ಣ’ ಅಂತ ಹಂಚಿಕೊಳ್ಳುತ್ತಿದ್ದಾರೆ. ಪೂರ್ತಿ ತಪ್ಪು.

ಅದು 2000ದಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋದಲ್ಲಿ, ಮುದ್ರಣ ಪರಿಣತ ಕೆನೆತ್ ಟೈಲರ್ ಅವರ ಕಾರ್ಯಾಗಾರದಲ್ಲಿ ತಯಾರಾದ ಮರದಚ್ಚಿನ ಮುದ್ರಣ. ಮೂರು ಹಾಳೆ, 46 ಅಚ್ಚು, 102 ಬಣ್ಣ! ನೀರು ಹರಡಿದಂತೆ ಕಾಣುತ್ತದೆ, ನಿಜ. ಆದರೆ ಹತ್ತಿರದಿಂದ ನೋಡಿ, ಬಣ್ಣದೊಳಗೆ ಮರದ ನಾರಿನ ಗೆರೆಗಳಿವೆ. ಕುಂಚದಿಂದ ಅದು ತಾನಾಗಿ ಬರುವುದಿಲ್ಲ, ಅಲ್ವಾ?

ಹೆಲೆನ್ ಮರದ ಹಲಗೆಯ ಮೇಲೆ ಬಣ್ಣ ಹಚ್ಚಿ ಮಾದರಿ ಕೊಟ್ಟರು. ಅದನ್ನು ನೋಡಿಕೊಂಡು ಅಚ್ಚು ಕೆತ್ತಿದವರು ಯಸುಯುಕಿ ಶಿಬಾಟ. ಜಪಾನಿನ ಹಳೆಯ ಮರದಚ್ಚು ಚಿತ್ರಕಲೆಯಾದ ಉಕಿಯೊ-ಎ ಪದ್ಧತಿಯೂ ಹೀಗೇ. ಬರೆಯುವವರು ಒಬ್ಬರು, ಕೆತ್ತುವವರು ಇನ್ನೊಬ್ಬರು, ಒತ್ತುವವರು ಮತ್ತೊಬ್ಬರು.

ಜಪಾನಿನ ಮಾತು ಸುಮ್ನೆ ಹುಟ್ಟಿರಲಾರದು. ಹೆಲೆನ್ ಅವರ 1983ರ ಮರದಚ್ಚು ‘ಸೀಡರ್ ಹಿಲ್’ ಮುದ್ರಣವಾಗಿದ್ದು ಕ್ಯೋಟೋದಲ್ಲೇ.