ಸ್ಪಷ್ಟನೆ: ಇಬ್ಬರ ಹೆಸರು ಕಂಡ ಕೂಡಲೇ ‘ಆರ್’ ಹಾಕಬೇಡಿ

ಹಾಸನದಲ್ಲಿ ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇಂಗ್ಲಿಷ್ ವ್ಯಾಕರಣದ ಒಂದು ಶಾರ್ಟ್‌ಕಟ್ ಹರಿದಾಡುತ್ತಿದೆ: ‘ಕರ್ತೃ ಎರಡಿದ್ದರೆ ಕ್ರಿಯಾಪದ ಯಾವಾಗಲೂ ಬಹುವಚನ. ಈಸ್ ಕಂಡರೆ ಅಲ್ಲೇ ತಪ್ಪು.’ ಇದು ಸರಿಯಲ್ಲ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

‘ಆ್ಯಂಡ್’ ಸೇರಿದಾಗ ಸಾಮಾನ್ಯವಾಗಿ ಬಹುವಚನ, ನಿಜ. ಆದರೆ ‘ಆ್ಯಸ್ ವೆಲ್ ಆ್ಯಸ್’, ‘ಅಲಾಂಗ್ ವಿತ್’, ‘ಟುಗೆದರ್ ವಿತ್’ ಬಂದರೆ ಕ್ರಿಯಾಪದ ಮೊದಲ ಕರ್ತೃವನ್ನೇ ಅನುಸರಿಸುತ್ತದೆ. ‘ದ ಪ್ಲಾಂಟರ್, ಅಲಾಂಗ್ ವಿತ್ ಹಿಸ್ ವರ್ಕರ್ಸ್, ಈಸ್ ಇನ್ ಸಕಲೇಶಪುರ’ ಎಂಬ ವಾಕ್ಯದಲ್ಲಿ ತಪ್ಪಿಲ್ಲ. ‘ವರ್ಕರ್ಸ್’ ಪಕ್ಕದಲ್ಲೇ ಕೂತಿರುವುದರಿಂದ ನಾಲಿಗೆಗೆ ‘ಆರ್’ ಬರುತ್ತದೆ. ಪ್ರಶ್ನೆ ತೆಗೆಯುವವರಿಗೂ ಬೇಕಾಗಿರುವುದು ಅದೇ. ಎರಡು ಅಲ್ಪವಿರಾಮಗಳ ನಡುವಿನದನ್ನು ಬಿಟ್ಟು ಓದಿ ನೋಡಿ, ‘ದ ಪ್ಲಾಂಟರ್ ಈಸ್’ ಎಂಬುದಷ್ಟೇ ಉಳಿಯುತ್ತದೆ.

ಎಸ್‌ಎಸ್‌ಸಿಯ ಪದವೀಧರ ಮಟ್ಟದ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಒಂದು ತಪ್ಪು ಉತ್ತರಕ್ಕೆ 0.50 ಅಂಕ ಕಡಿತ. ಅರಕಲಗೂಡು, ಆಲೂರಿನಿಂದ ಬೆಳಗಿನ ಬಸ್ ಹಿಡಿದು ಕೋಚಿಂಗ್‌ಗೆ ಬರುವ ಮಕ್ಕಳು ಇಂಥ ಸಂದೇಶ ನಂಬಿ ಅಂಕ ಕಳೆದುಕೊಳ್ಳುವುದು ನನಗೆ ನಿಜಕ್ಕೂ ಸಂಕಟದ ವಿಷಯ.

‘ನೈದರ್–ನಾರ್’ ಇದ್ದರೆ ಕ್ರಿಯಾಪದಕ್ಕೆ ಹತ್ತಿರದ ಕರ್ತೃವನ್ನು ನೋಡಿ. ‘ಆ್ಯಂಡ್’ ಇದ್ದರೂ ಒಮ್ಮೊಮ್ಮೆ ಏಕವಚನವೇ: ‘ದ ಸೆಕ್ರೆಟರಿ ಆ್ಯಂಡ್ ಟ್ರೆಷರರ್ ಈಸ್ ಆ್ಯಬ್ಸೆಂಟ್’ ಎಂದರೆ ಎರಡೂ ಹುದ್ದೆ ಒಬ್ಬರದೇ. ‘ಟ್ರೆಷರರ್’ ಹಿಂದೆಯೂ ‘ದ’ ಇದ್ದರೆ ಇಬ್ಬರು, ಆಗ ‘ಆರ್’. ‘ಎವೆರಿ ಬಾಯ್ ಆ್ಯಂಡ್ ಎವೆರಿ ಗರ್ಲ್’ಗೂ ‘ಈಸ್’ ಸರಿ.