ಮಂಗಟ್ಟೆಯೂ ಅಲ್ಲ, ತೊರಕೆಯೂ ಅಲ್ಲ

‘ಶಿರಸಿ ಕಾಡಿನ ಮಂಗಟ್ಟೆ ಹಕ್ಕಿ, ಕಾರವಾರ ಕಡಲಿನ ತೊರಕೆ ಮೀನು ಎರಡೂ ಜ್ವಾಲಾಮುಖಿಯ ಶಾಖದಿಂದ ಮೊಟ್ಟೆಗೆ ಕಾವು ಕೊಡುತ್ತವೆ’ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚಿತ್ರಸಮೇತ ಹರಿದಾಡುತ್ತಿದೆ. ಇದು ತಪ್ಪು. ನಿಜವಾದ ಸಂಗತಿಯೊಂದಕ್ಕೆ ಯಾರೋ ನಮ್ಮ ಊರಿನ ಹೆಸರು ಅಂಟಿಸಿದ್ದಾರೆ.

2015ರಲ್ಲಿ ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ಬಳಿ, ಸುಮಾರು 1,660 ಮೀಟರ್ ಆಳದಲ್ಲಿ, ದೂರನಿಯಂತ್ರಿತ ಜಲಯಂತ್ರದ ಕ್ಯಾಮೆರಾಕ್ಕೆ ತೊರಕೆಯ ಸಂಬಂಧಿಯಾದ ಸ್ಕೇಟ್ ಎಂಬ ಚಪ್ಪಟೆ ಮೀನಿನ 157 ಮೊಟ್ಟೆಚೀಲಗಳು ಕಂಡವು. ಅರ್ಧಕ್ಕಿಂತ ಹೆಚ್ಚು ಚೀಲಗಳು ಜ್ವಾಲಾಮುಖಿಯ ಶಾಖಕ್ಕೆ ಕಾದು ಕಪ್ಪು ಹೊಗೆಯಂತೆ ಬಿಸಿನೀರು ಉಗುಳುವ ಕಡಲತಳದ ಬುಗ್ಗೆಗಳಿಂದ 20 ಮೀಟರಿನೊಳಗಿದ್ದವು. ಆಳ ಕಡಲಿನ ಕೊರೆಯುವ ತಣ್ಣೀರಿನಲ್ಲಿ ಮರಿ ಹೊರಬರಲು ವರ್ಷಗಳೇ ಹಿಡಿಯುತ್ತವೆ. ಬುಗ್ಗೆಯ ಬಿಸುಪು ಆ ಅವಧಿಯನ್ನು ತಗ್ಗಿಸಬಹುದು ಎಂಬುದು ಸಂಶೋಧಕರ ಅಂದಾಜು. 2018ರ ಪ್ರಬಂಧದಲ್ಲಿ ಅವರು ಹೋಲಿಕೆಗೆ ತಂದದ್ದು ಪೆಸಿಫಿಕ್ ದ್ವೀಪರಾಷ್ಟ್ರ ಟೊಂಗಾದ ಕಾಡುಹಕ್ಕಿ ಮೆಗಾಪೋಡ್ ಅನ್ನು. ಅದು ಜ್ವಾಲಾಮುಖಿಯಿಂದ ಕಾದ ಮಣ್ಣಿನಲ್ಲಿ ಮೊಟ್ಟೆ ಹೂತು ಹೊರಟುಬಿಡುತ್ತದೆ.

ಮಂಗಟ್ಟೆಯ ಸಂಸಾರ ಇದಕ್ಕೆ ತೀರ ವಿರುದ್ಧ. ಹೆಣ್ಣು ಮರದ ಪೊಟರೆ ಹೊಕ್ಕು, ಅದರ ಬಾಯಿಯನ್ನು ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಮೆತ್ತಿ, ಕೊಕ್ಕು ತೂರುವಷ್ಟೇ ಸೀಳು ಬಿಟ್ಟುಕೊಂಡು, ಮೈಯ ಬಿಸಿಯಿಂದಲೇ ಕಾವು ಕೊಡುತ್ತದೆ. ಗಂಡು ಕಾಡೆಲ್ಲ ಅಲೆದು ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಇಷ್ಟು ದುಡಿಯುವ ಜೋಡಿಯನ್ನು ಮೊಟ್ಟೆ ಹೂತು ಹೋಗುವ ಹಕ್ಕಿಯೆಂದು ಬರೆಯುವುದು ಅನ್ಯಾಯ.

ಇನ್ನು ಕಾರವಾರದ ಮೀನು ಮಾರುಕಟ್ಟೆಯಲ್ಲಿ ಕಾಣುವ ಮುಳ್ಳುಬಾಲದ ತೊರಕೆ ಮೊಟ್ಟೆಯನ್ನೇ ಇಡುವುದಿಲ್ಲ, ಮರಿ ಹಾಕುತ್ತದೆ. ಸಂದೇಶವನ್ನು ಹಂಚಿಕೊಂಡವರು ದಯವಿಟ್ಟು ಅಳಿಸಿ, ಅದೇ ಗುಂಪಿನಲ್ಲಿ ಈ ವಿವರವನ್ನೂ ಹಾಕಿ.