ನ್ಯೂಟ್ರಲ್ಲು, ಅರ್ತು ಒಂದೇ ಪಟ್ಟಿಗೆ ಬೇಡ

ವ್ಯಾನಿನ ವೈರಿಂಗ್ ಬಗೆಗಿನ ನಿಮ್ಮ ಬರಹದಲ್ಲಿ, ವ್ಯಾನಿನ ಸಬ್ ಪ್ಯಾನೆಲ್‌ನಲ್ಲಿ (ಒಳಗಿನ ಕರೆಂಟ್ ಹಂಚುವ ಪೆಟ್ಟಿಗೆ) ನ್ಯೂಟ್ರಲ್, ಅರ್ತ್ ಎರಡನ್ನೂ ಒಂದೇ ಬಸ್‌ಬಾರ್‌ಗೆ, ಅಂದರೆ ವೈರುಗಳನ್ನು ಸೇರಿಸುವ ಲೋಹದ ಪಟ್ಟಿಗೆ, ಕಟ್ಟಿದರೆ ಕೆಲಸ ಸುಲಭ ಎಂದು ಬರೆದಿದ್ದೀರಿ. ದಯವಿಟ್ಟು ಆ ಸಾಲು ತಿದ್ದಿ. ಮಂಡ್ಯದಲ್ಲಿ ನಮ್ಮ ಟೆಂಪೊ ಟ್ರಾವೆಲರ್‌ಗೆ ಹಾಗೇ ಕಟ್ಟಿಸಿದ್ದೆವು. ಶ್ರೀರಂಗಪಟ್ಟಣದ ನೆಂಟರ ಮನೆ ಪ್ಲಗ್ಗಿಗೆ ಸಿಕ್ಕಿಸಿ ಕೆಟಲ್ ಆನ್ ಮಾಡಿದ್ದೇ ತಡ, ಅವರ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬಿತ್ತು. ಎತ್ತಿದರೆ ಮತ್ತೆ ಬಿತ್ತು. ನ್ಯೂಟ್ರಲ್‌ನಲ್ಲಿ ವಾಪಸ್ ಹೋಗಬೇಕಾದ ಕರೆಂಟಿನ ಒಂದು ಪಾಲು ಅರ್ತ್ ವೈರಿನಲ್ಲಿ ಹೋಗುತ್ತಿತ್ತು; 30 ಮಿಲಿಆಂಪ್ ವ್ಯತ್ಯಾಸವಾದರೆ ಸಾಕು, ಅದು ಬೀಳುತ್ತದೆ. ಆ ಮನೆಯಲ್ಲಿ ಆರ್‌ಸಿಸಿಬಿ ಇಲ್ಲದೆ, ನ್ಯೂಟ್ರಲ್ ಕಿತ್ತು, ಅರ್ತೂ ಸರಿ ಇಲ್ಲದಿದ್ದರೆ 230 ವೋಲ್ಟ್ ನೇರ ವ್ಯಾನಿನ ಬಾಡಿಗೇ ಬರುತ್ತಿತ್ತು. ಟೈರು ರಬ್ಬರಿನದು, ಒದ್ದೆ ನೆಲದಲ್ಲಿ ನಿಂತು ಬಾಗಿಲು ಹಿಡಿದವರ ಮೈಯೇ ಕರೆಂಟಿಗೆ ದಾರಿ. ನನ್ನ ಮಗಳು ಆಗ ಚಪ್ಪಲಿ ಬಿಟ್ಟು ಹತ್ತುತ್ತಿದ್ದಳು.

ಹೊರಗಿನ ಪ್ಲಗ್ಗಿಲ್ಲದೆ ವ್ಯಾನಿನ ಇನ್ವರ್ಟರ್ ಕರೆಂಟಿನಲ್ಲೇ ಎಲ್ಲ ನಡೆಯುವಾಗ ಮಾತ್ರ ನ್ಯೂಟ್ರಲ್, ಅರ್ತ್ ಜೋಡಣೆ ಬೇಕು, ಇಲ್ಲದಿದ್ದರೆ ವ್ಯಾನಿನ ಆರ್‌ಸಿಸಿಬಿಗೆ ಸೋರಿಕೆ ಗೊತ್ತಾಗದು. ಅದು ಇನ್ವರ್ಟರ್ ಔಟ್‌ಪುಟ್ಟಿನಲ್ಲೇ ಇರಲಿ, ಅದೂ ಕೈಪಿಡಿ ಒಪ್ಪಿದರೆ ಮಾತ್ರ. ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್ ಹಾಕಿ, ಹೊರಗಿನ ಪ್ಲಗ್ಗು ಇಲ್ಲವೇ ಇನ್ವರ್ಟರ್, ಒಂದೇ ಕಡೆಯಿಂದ ಕರೆಂಟ್ ಬರಲಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು ಎಂದು ನೀವು ಬರೆದದ್ದು ಮಾತ್ರ ನೂರಕ್ಕೆ ನೂರು ಸರಿ.